ಇಳಿಸಿದ ಪಿಕಪ್‌ನ ಎದುರಿಗೆ ಯಾವ ಸ್ಪ್ರಿಂಗ್, ಯಾವ ಶಾಕ್?

ಪ್ರಶ್ನೆ: ಅಣ್ಣ, ನಮಸ್ಕಾರ. ನಮ್ಮ ಮನೆ ಪೆರ್ಲದ ಹತ್ತಿರ. ಹೋದ ವರ್ಷ ಒಂದು ಇಸುಜು ವಿ-ಕ್ರಾಸ್ ಪಿಕಪ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೊದಲಿನವರು ಎದುರಿನ ಸ್ಪ್ರಿಂಗ್ ಕತ್ತರಿಸಿ, ಹಿಂದಿನ ಲೀಫ್ ಸ್ಪ್ರಿಂಗ್‌ನಿಂದ ಒಂದು ಪ್ಲೇಟ್ ತೆಗೆದು ಗಾಡಿಯನ್ನು ಇಳಿಸಿದ್ದಾರೆ. ಈಗ ಹಂಪ್ ಹತ್ತಿದರೆ ಎದುರಿನಿಂದ ‘ಡಂ’ ಎನ್ನುತ್ತದೆ, ಗುಂಡಿಗೆ ಇಳಿದರೆ ‘ಟಕ್’ ಎನ್ನುತ್ತದೆ. ಎದುರಿನ ಎರಡೂ ಟಯರ್‌ಗಳ ಒಳಬದಿ ಸವೆದು ನೂಲು ಕಾಣುತ್ತಿದೆ. ಒಂದು ಗ್ಯಾರೇಜಿನವರು ಗಟ್ಟಿ ಸ್ಪ್ರಿಂಗ್ ಹಾಕಿ ಎಂದರು, ಇನ್ನೊಬ್ಬರು ಕಾಯಿಲ್‌ಓವರ್ ಸೆಟ್ ಎಂದರು, ನನ್ನ ಅಳಿಯ ಹೊರದೇಶದಿಂದ ಡ್ರಾಪ್ ಸ್ಪಿಂಡಲ್ ತರಿಸೋಣ ಎನ್ನುತ್ತಾನೆ. ಪೂರ್ತಿ ಮೊದಲಿನ ಎತ್ತರಕ್ಕೆ ಏರಿಸಲು ಮನಸ್ಸಿಲ್ಲ, ಮಂಡಿನೋವಿನ ಅಪ್ಪನಿಗೆ ಈಗ ಹತ್ತಿ ಕೂರಲು ಸುಲಭವಾಗಿದೆ. ವಾರಕ್ಕೊಮ್ಮೆ ಅಡಿಕೆ ಮೂಟೆ ಹಾಕಿಕೊಂಡು ಬದಿಯಡ್ಕಕ್ಕೆ ಹೋಗುವುದಿದೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: ಮೊದಲು ಟಯರ್ ವಿಷಯ. ನೂಲು ಕಂಡ ಟಯರ್‌ನಲ್ಲಿ ಇನ್ನು ಒಂದು ದಿನವೂ ಓಡಿಸಬೇಡಿ. ಸ್ಟೆಪ್ನಿ ಮತ್ತು ಇನ್ನೊಂದು ಹಳೆಯ ಟಯರ್ ಹಾಕಿಕೊಂಡಾದರೂ ಗಾಡಿಯನ್ನು ವರ್ಕ್‌ಶಾಪ್‌ಗೆ ತನ್ನಿ. ಹೊಸ ಟಯರ್ ಈಗಲೇ ಕೊಳ್ಳುವುದೂ ಬೇಡ. ಕಾರಣ ಸರಿಯಾಗದೆ ಹೊಸ ಜೋಡಿ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ನಿಮಗೆ ಸಲಹೆ ಕೊಟ್ಟ ಮೂವರೂ ಪಾರ್ಟ್‌ನ ಹೆಸರಿನಿಂದ ಶುರು ಮಾಡಿದ್ದಾರೆ. ನಾನು ಶುರು ಮಾಡುವುದು ಟೇಪಿನಿಂದ. ಗಾಡಿ ಎಷ್ಟು ಇಳಿದಿದೆ ಎನ್ನುವುದಕ್ಕಿಂತ, ಇಳಿದ ಮೇಲೆ ಎದುರಿನ ಚಕ್ರ ಇನ್ನೂ ಎಷ್ಟು ಮೇಲೆ ಹೋಗಲು ಜಾಗ ಉಳಿದಿದೆ ಎನ್ನುವುದೇ ಮುಖ್ಯ ಪ್ರಶ್ನೆ. ಸ್ಪ್ರಿಂಗ್, ಶಾಕ್, ಬಂಪ್ ಸ್ಟಾಪ್, ಬಾಲ್ ಜಾಯಿಂಟ್ ಎಲ್ಲವನ್ನೂ ಆ ಒಂದು ಅಳತೆ ನೋಡಿಯೇ ಆರಿಸಬೇಕು.

ಅಳೆಯುವುದು ಕಷ್ಟವಲ್ಲ. ಮನೆಯ ಅಂಗಳ ಇಳಿಜಾರಾಗಿದ್ದರೆ ಬೇಡ, ಪೆಟ್ರೋಲ್ ಪಂಪಿನ ಕಾಂಕ್ರೀಟ್ ನೆಲದಂಥ ಸಪಾಟು ಜಾಗ ಬೇಕು. ಡೀಸೆಲ್ ಅರ್ಧ ಟ್ಯಾಂಕ್, ಡ್ರೈವರ್ ಸೀಟಿನಲ್ಲಿ ಒಬ್ಬರು, ಹಿಂದೆ ಖಾಲಿ. ಎದುರಿನ ಬಂಪರನ್ನು ಕೈಯಿಂದ ಎರಡು ಮೂರು ಸಲ ಅದುಮಿ ಬಿಡಿ, ಗಾಡಿ ತನ್ನಷ್ಟಕ್ಕೆ ನಿಲ್ಲಲಿ. ಈಗ ಚಕ್ರದ ಹಬ್‌ನ ನಡುವಿನಿಂದ ಮಡ್‌ಗಾರ್ಡ್‌ನ ಅಂಚಿಗೆ ನೇರ ಮೇಲಕ್ಕೆ ಟೇಪ್ ಹಿಡಿಯಿರಿ. ಎಡ ಬಲ ಎರಡನ್ನೂ ಬರೆದಿಡಿ. ಎರಡರ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎರಡು ಸ್ಪ್ರಿಂಗ್ ಒಂದೇ ಸಮ ಕತ್ತರಿಸಿಲ್ಲ ಅಥವಾ ಒಂದು ಕುಸಿದಿದೆ ಎಂದುಕೊಳ್ಳಬಹುದು. ಟಯರ್ ಬೇರೆಯಾದರೂ ಈ ಅಳತೆ ಬದಲಾಗುವುದಿಲ್ಲ, ಅದಕ್ಕೇ ನೆಲದಿಂದ ಅಳೆಯದೆ ಹಬ್‌ನಿಂದ ಅಳೆಯುವುದು. ನಿಮ್ಮದೇ ಮಾಡೆಲ್‌ನ ಇಳಿಸದ ಇನ್ನೊಂದು ಗಾಡಿ ಪರಿಚಯದವರಲ್ಲಿದ್ದರೆ ಅದನ್ನೂ ಹೀಗೆಯೇ ಅಳೆದು ತನ್ನಿ.

ಇನ್ನು ಬಂಪ್ ಸ್ಟಾಪ್. ಹೆಚ್ಚಿನ ಪಿಕಪ್‌ಗಳಲ್ಲಿ ಇದು ಚಾಸಿಸ್‌ಗೂ ಲೋವರ್ ಆರ್ಮ್‌ಗೂ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ನಡುವೆ ಕೂತಿರುವ ರಬ್ಬರ್ ತುಂಡು. ಕೆಲವಕ್ಕೆ ಶಾಕ್‌ನ ರಾಡ್ ಮೇಲೆಯೇ ಇರುತ್ತದೆ. ಟಾರ್ಚ್ ಹಿಡಿದು ನೋಡಿ. ಗಾಡಿ ಸುಮ್ಮನೆ ನಿಂತಿರುವಾಗ ಆ ರಬ್ಬರಿಗೂ ಅದು ತಾಗುವ ಜಾಗಕ್ಕೂ ನಡುವೆ ಎಷ್ಟು ಸಂದು ಇದೆ? ಬೆರಳು ಹೋಗುವುದಿಲ್ಲ ಎಂದಾದರೆ ನಿಮ್ಮ ‘ಡಂ’ ಸದ್ದಿಗೆ ಉತ್ತರ ಅಲ್ಲೇ ಸಿಕ್ಕಿತು. ಸಂದೇಹವಿದ್ದರೆ ಮಕ್ಕಳು ಆಡುವ ಕ್ಲೇಯ ಒಂದು ಉಂಡೆಯನ್ನು ರಬ್ಬರಿನ ತುದಿಗೆ ಅಂಟಿಸಿ, ಬದಲಿ ಟಯರ್‌ನಲ್ಲಿ ಮನೆಯಿಂದ ಪೇಟೆಯವರೆಗೆ ಎಂದಿನಂತೆ ಹೋಗಿ ಬನ್ನಿ. ಮರಳಿ ಬಂದಾಗ ಕ್ಲೇ ದೋಸೆಯಾಗಿದ್ದರೆ ಆರ್ಮ್ ಬಡಿಯುತ್ತಿದೆ.

ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಗಾಡಿ ಬಂಪ್ ಸ್ಟಾಪ್‌ನ ಮೇಲೆಯೇ ಕೂತು ಓಡುವಾಗ ಮೈಗೆ ಬಹಳ ಗಡುಸಾಗಿ ತಾಗುತ್ತದೆ. ಒಬ್ಬರು ‘ಸ್ಪ್ರಿಂಗ್ ಗಟ್ಟಿಯಾಯಿತು, ಮೆತ್ತಗಿನದು ಹಾಕಿ’ ಎನ್ನುತ್ತಾರೆ. ಇನ್ನೊಬ್ಬರು ‘ಬಡಿಯುತ್ತಿದೆ, ಗಟ್ಟಿಯದು ಹಾಕಿ’ ಎನ್ನುತ್ತಾರೆ. ಎರಡೂ ಊಹೆಯೇ. ಅಲ್ಲಿ ಇಲ್ಲದಿರುವುದು ಜಾಗ. ಖಾಲಿ ಗಾಡಿ ನಿಂತ ಎತ್ತರದಿಂದ, ಬಂಪ್ ಸ್ಟಾಪ್ ಪೂರ್ತಿ ಅದುಮುವವರೆಗೆ, ಎದುರಿನ ಚಕ್ರಕ್ಕೆ ಕಡಿಮೆಯೆಂದರೂ 60 ಮಿ.ಮೀ. ಮೇಲಕ್ಕೆ ಚಲನೆ ಇರಬೇಕು ಎನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆಯ ತಿರುವು, ಮಳೆಗಾಲದ ಗುಂಡಿ, ಮನೆಗೆ ಇಳಿಯುವ ಮಣ್ಣಿನ ದಾರಿ ಎಲ್ಲ ಸೇರಿದಾಗ ಅದಕ್ಕಿಂತ ಕಡಿಮೆಯಲ್ಲಿ ಗಾಡಿ ಬಾಳುವುದಿಲ್ಲ.

ಇನ್ನು ಸ್ಪ್ರಿಂಗ್. ವಿ-ಕ್ರಾಸ್‌ನ ಎದುರಿಗೆ ಡಬಲ್ ವಿಶ್‌ಬೋನ್: ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ಕೆಳಗಿನದರ ಮೇಲೆ ಶಾಕ್ ಮತ್ತು ಅದನ್ನು ಸುತ್ತಿಕೊಂಡ ಕಾಯಿಲ್ ಸ್ಪ್ರಿಂಗ್. ಸ್ಪ್ರಿಂಗ್ ಕೂರುವುದು ಚಕ್ರದ ಹತ್ತಿರವಲ್ಲ, ಆರ್ಮ್‌ನ ನಡುವೆ ಎಲ್ಲೋ. ನಮ್ಮ ಹಿರಿಯರು ತೋಟಕ್ಕೆ ನೀರೆತ್ತುತ್ತಿದ್ದ ಏತವನ್ನು ನೆನೆಯಿರಿ. ಕಂಬದ ಹತ್ತಿರ ಒಂದು ಗೇಣು ಆಡಿದರೆ ತುದಿಯಲ್ಲಿ ಆಳೆತ್ತರ ಆಡುತ್ತದೆ. ಇಲ್ಲಿಯೂ ಹಾಗೆಯೇ. ಆರ್ಮ್ ಚಾಸಿಸ್‌ಗೆ ಸೇರುವ ಬುಷ್‌ನಿಂದ ಚಕ್ರದ ಕಡೆಯ ಗುಂಡುಕೀಲಾದ ಬಾಲ್ ಜಾಯಿಂಟ್‌ವರೆಗಿನ ಉದ್ದದಲ್ಲಿ ಶಾಕ್‌ನ ಬೋಲ್ಟ್ 0.6 ಭಾಗದಲ್ಲಿದೆ ಎಂದುಕೊಳ್ಳಿ. ಆಗ ಸ್ಪ್ರಿಂಗ್ 25 ಮಿ.ಮೀ. ಕುಗ್ಗಿದರೆ ಚಕ್ರದ ಬಳಿ ಗಾಡಿ ಸುಮಾರು 42 ಮಿ.ಮೀ. ಇಳಿಯುತ್ತದೆ. ಒಂದಿಂಚು ಇಳಿಸಲು ಒಂದಿಂಚು ಗಿಡ್ಡ ಸ್ಪ್ರಿಂಗ್ ಕೇಳುವವರು ಕೊನೆಗೆ ಒಂದೂವರೆ ಇಂಚಿಗಿಂತಲೂ ಹೆಚ್ಚು ಇಳಿದ ಗಾಡಿಯನ್ನು ಮನೆಗೆ ಒಯ್ಯುವುದು ಹೀಗೆ. ಗಡುಸುತನದ ಲೆಕ್ಕ ಇನ್ನೂ ದೂರ ಹೋಗುತ್ತದೆ: ಆ ಅನುಪಾತವನ್ನು ಅದರಿಂದಲೇ ಗುಣಿಸಬೇಕು. 0.6ಕ್ಕೆ 0.36. ಅಂದರೆ ಸ್ಪ್ರಿಂಗ್‌ನ ಗಡುಸುತನದ ಮೂರನೇ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಚಕ್ರಕ್ಕೆ ತಲುಪುತ್ತದೆ. ಕಾರಿನ ಸ್ಪ್ರಿಂಗ್‌ನ ಅಂಕಿ ಹಿಡಿದು ಪಿಕಪ್‌ಗೆ ಸ್ಪ್ರಿಂಗ್ ಆರಿಸಬಾರದು ಎನ್ನುವುದು ಇದಕ್ಕೇ.

ಕತ್ತರಿಸಿದ ಸ್ಪ್ರಿಂಗನ್ನು ಗುಜರಿಗೆ ಹಾಕಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಎಂಟು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ತೆಗೆದರೆ ಉಳಿದದ್ದು ಸುಮಾರು ನೂರಕ್ಕೆ ಹದಿನಾಲ್ಕರಷ್ಟು ಗಟ್ಟಿಯಾಗುತ್ತದೆ, ಅದೇನೋ ದೊಡ್ಡದಲ್ಲ. ಕಷ್ಟ ಇರುವುದು ತುದಿಯಲ್ಲಿ. ಕಂಪನಿಯ ಸ್ಪ್ರಿಂಗ್‌ನ ತುದಿ ಅದು ಕೂರುವ ಬಟ್ಟಲಿನ, ಅಂದರೆ ಸೀಟ್‌ನ, ಮೆಟ್ಟಿಲಿಗೆ ಸರಿಯಾಗಿ ಕೂರುವಂತೆ ತಯಾರಾಗಿರುತ್ತದೆ. ಕತ್ತರಿಸಿದ್ದು ಒಂದು ಮೂಲೆಯಲ್ಲಿ ಮಾತ್ರ ತಾಗಿ ನಿಲ್ಲುತ್ತದೆ. ಗುಂಡಿಯಲ್ಲಿ ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸೀಟ್‌ಗಳ ನಡುವೆ ಸಡಿಲಾಗುತ್ತದೆ, ಮರಳಿ ಭಾರ ಬಿದ್ದಾಗ ಬಡಿದು ಕೂರುತ್ತದೆ. ನಿಮ್ಮ ‘ಟಕ್’ ಅದೇ ಇರಬೇಕು. ಖಚಿತ ಮಾಡಿಕೊಳ್ಳಲು ಗಾಡಿಯ ಚಾಸಿಸ್‌ಗೆ ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಜೋತಿರುವಾಗ ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಲು ನಿಮ್ಮ ಮೆಕ್ಯಾನಿಕ್‌ಗೆ ಹೇಳಿ. ತಿರುಗಿದರೆ ಅದು ಸಡಿಲ.

ಗ್ಯಾಸ್ ಹಚ್ಚಿ ಕತ್ತರಿಸಿದ್ದಾದರೆ ಇನ್ನೂ ಕೆಟ್ಟದ್ದು. ಕೆಲವು ವರ್ಷದ ಹಿಂದೆ ಕೆಂಪುಕಲ್ಲು ಸಾಗಿಸುವ ಒಂದು ಪಿಕಪ್ ನನ್ನಲ್ಲಿಗೆ ಬಂದಿತ್ತು. ಬಿಚ್ಚಿ ಕೈಯಲ್ಲಿ ಹಿಡಿದಾಗ ಸ್ಪ್ರಿಂಗ್‌ನ ಕೊನೆಯ ಒಂದೂವರೆ ಸುತ್ತು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಉಕ್ಕು ಆ ಬಣ್ಣಕ್ಕೆ ಬಂದಿದೆ ಎಂದರೆ ಅಲ್ಲಿ ಗ್ಯಾಸಿನ ಬಿಸಿ ತಾಗಿದೆ, ಕಾರ್ಖಾನೆಯಲ್ಲಿ ಕೊಟ್ಟ ಹದ ಅಲ್ಲಿ ಕೆಟ್ಟಿರಬಹುದು. ಬಣ್ಣ ಮುಗಿಯುವ ಗೆರೆಯಲ್ಲೇ ಕೂದಲೆಳೆಯಷ್ಟು ಬಿರುಕು. ಸೀಮೆಎಣ್ಣೆ ಹಚ್ಚಿ, ಒರಸಿ, ಮೇಲೆ ಚಾಕ್‌ಪುಡಿ ಉದುರಿಸಿದಾಗ ಮಾತ್ರ ಕಂಡಿತು. ಇನ್ನೊಂದು ಲೋಡ್‌ಗೆ ಅದು ಮುರಿದು ಟಯರ್‌ಗೆ ಚುಚ್ಚುತ್ತಿತ್ತೇನೋ. ನಿಮ್ಮ ಗಾಡಿಯದ್ದನ್ನೂ ಬಿಚ್ಚಿದಾಗ ಆ ಬಣ್ಣ ಹುಡುಕಿ. ಆದರೆ ಬಿಚ್ಚುವುದು ಮನೆಯಲ್ಲಿ ಬೇಡ. ಅದುಮಿದ ಸ್ಪ್ರಿಂಗ್ ಕೈತಪ್ಪಿದರೆ ಜೀವಕ್ಕೇ ಕುತ್ತು. ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ ಇರುವಲ್ಲಿಯೇ ಆ ಕೆಲಸ ಆಗಬೇಕು.

ಹಾಗಾದರೆ ಯಾವ ಸ್ಪ್ರಿಂಗ್? ಗಾಡಿ ಇಳಿದೇ ಇರಬೇಕೆಂದಾದರೆ, ನಿಮ್ಮ ಮಾಡೆಲ್‌ಗೆಂದೇ ತಯಾರಾದದ್ದು, ಚಕ್ರದ ಬಳಿ 25ರಿಂದ 30 ಮಿ.ಮೀ.ಗಿಂತ ಹೆಚ್ಚು ಇಳಿಸದಂಥದ್ದು. ಮಾರುವವರಲ್ಲಿ ‘ಎಷ್ಟು ಇಳಿಯುತ್ತದೆ’ ಎಂದು ಮಾತ್ರ ಕೇಳಬೇಡಿ, ‘ಆ ಇಳಿತ ಸ್ಪ್ರಿಂಗ್‌ನಲ್ಲೋ ಚಕ್ರದಲ್ಲೋ’ ಎಂದೂ ಕೇಳಿ. ತಂತಿಯ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಸ್ಪ್ರಿಂಗ್‌ನ ಗಡುಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ: ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಅಷ್ಟೇ ಇದ್ದು 13 ಮಿ.ಮೀ. ತಂತಿ 14 ಮಿ.ಮೀ. ಆದರೆ ಸ್ಪ್ರಿಂಗ್ ಸುಮಾರು ನೂರಕ್ಕೆ 34ರಷ್ಟು ಗಟ್ಟಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ಸುಖವಾಗಿಯೂ ಇನ್ನೊಂದು ಸೊಂಟ ಮುರಿಯುವಂತೆಯೂ ಇರುವುದು ಆ ಒಂದು ಮಿಲಿಮೀಟರ್‌ನಿಂದ. ಇಳಿಸಿದ ಗಾಡಿಗೆ ಜಾಗ ಕಡಿಮೆ ಇರುವುದರಿಂದ ಮೂಲಕ್ಕಿಂತ ತುಸು ಗಟ್ಟಿಯದು ಬೇಕೇ ಬೇಕು, ಆದರೆ ಕಾಲು ಭಾಗ ಹೆಚ್ಚಾದರೆ ಸಾಕು. ನಿಮ್ಮ ಅಡಿಕೆ ಮೂಟೆ ಎದುರಿನ ಸ್ಪ್ರಿಂಗ್‌ಗೆ ಅಷ್ಟೇನೂ ಭಾರವಲ್ಲ, ಅದು ಬೀಳುವುದು ಹಿಂದಿನ ಆಕ್ಸಲ್‌ಗೆ. ನಂಬಿಕೆ ಬಾರದಿದ್ದರೆ ಕಲ್ಲಿನ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ, ಎದುರಿನ ಚಕ್ರ ಮಾತ್ರ ಕಾಟಾದ ಮೇಲೆ ನಿಲ್ಲಿಸಿ, ಖಾಲಿ ಒಮ್ಮೆ, ಲೋಡ್‌ನಲ್ಲಿ ಒಮ್ಮೆ ತೂಗಿಸಿ. ಸ್ಪ್ರಿಂಗ್ ಮಾಡಿಸುವವರಿಗೆ ಆ ಚೀಟಿಯೇ ಬೇಕಾದದ್ದು.

ಶಾಕ್ ವಿಷಯಕ್ಕೆ ಬಂದರೆ, ಮೂಲದ ಶಾಕನ್ನೇ ಇಟ್ಟುಕೊಂಡು ಗಿಡ್ಡ ಸ್ಪ್ರಿಂಗ್ ಹಾಕಿದಾಗ ರಾಡ್ ಯಾವಾಗಲೂ ಒಳಗೆ ಹೋಗಿಯೇ ಕೂತಿರುತ್ತದೆ. ಒಂದು ದೊಡ್ಡ ಗುಂಡಿಗೆ ಪಿಸ್ಟನ್ ತಳಕ್ಕೆ ಬಡಿಯುತ್ತದೆ, ಒಳಗಿನ ವಾಲ್ವ್ ಹೋಗುತ್ತದೆ, ಆರು ತಿಂಗಳಲ್ಲಿ ಎಣ್ಣೆ ಜಿನುಗುತ್ತದೆ. ಆಮೇಲೆ ‘ಶಾಕ್ ಒಳ್ಳೆಯದು ಸಿಗಲಿಲ್ಲ’ ಎನ್ನುತ್ತಾರೆ. ಕೊಳ್ಳುವಾಗ ಎರಡು ಉದ್ದ ಕೇಳಿ: ಪೂರ್ತಿ ಚಾಚಿದಾಗಿನದು, ಪೂರ್ತಿ ಮುಚ್ಚಿದಾಗಿನದು. ಮುಚ್ಚಿದ ಉದ್ದ ಎಷ್ಟಿರಬೇಕೆಂದರೆ, ಬಂಪ್ ಸ್ಟಾಪ್ ಪೂರ್ತಿ ಅದುಮಿದ ಮೇಲೂ ಶಾಕ್‌ನಲ್ಲಿ 8-10 ಮಿ.ಮೀ. ಬಾಕಿ ಇರಬೇಕು. ಯಾವ ಕಾಲಕ್ಕೂ ಕೊನೆಯ ಪೆಟ್ಟು ತಿನ್ನಬೇಕಾದದ್ದು ರಬ್ಬರ್, ಶಾಕ್ ಅಲ್ಲ. ಚಾಚಿದ ಉದ್ದ ಎಷ್ಟಿರಬೇಕೆಂದರೆ ಚಕ್ರ ಜೋತಾಗಲೂ ಸ್ಪ್ರಿಂಗ್ ಸೀಟ್‌ಗಳ ನಡುವೆ ಬಿಗಿಯಾಗಿಯೇ ಇರಬೇಕು. ಈ ಎರಡನ್ನೂ ಹೇಳಲಾರದ ಅಂಗಡಿಯಿಂದ ಕೊಳ್ಳಬೇಡಿ.

ಎತ್ತರ ತಿರುಗಿಸಿ ಹೊಂದಿಸುವ ಕಾಯಿಲ್‌ಓವರ್ ಸೆಟ್ ಕೆಟ್ಟದ್ದಲ್ಲ. ಆದರೆ ಎತ್ತರ ಹೊಂದಿಸುವ ರಿಂಗ್ ತಿರುಗುವ ತಿರುಪಿನ ಮರೆ (ಥ್ರೆಡ್) ಅದರ ಮೈಮೇಲೆಲ್ಲ ತೆರೆದು ಕೂತಿರುತ್ತದೆ. ಉಪ್ಪಳ, ಕುಂಬಳೆಯ ಉಪ್ಪುಗಾಳಿ, ನಿಮ್ಮ ಕಡೆಯ ಕೆಂಪು ಮಣ್ಣು, ನಾಲ್ಕು ತಿಂಗಳ ಮಳೆ ಇವು ಸೇರಿದಾಗ ಎರಡನೇ ವರ್ಷಕ್ಕೆ ರಿಂಗ್ ಅಲ್ಲಾಡುವುದಿಲ್ಲ. ವಾರವಾರ ತೊಳೆದು ಗ್ರೀಸ್ ಹಚ್ಚಿ ನೋಡಿಕೊಳ್ಳುವವರಿಗೆ ಅದು. ಅಡಿಕೆ ಸಾಗಿಸುವ ಗಾಡಿಗೆ ಗಟ್ಟಿಯಾಗಿ ಕೂರುವ ಮಾಮೂಲು ಸೀಟೇ ವಾಸಿ.

ಡ್ರಾಪ್ ಸ್ಪಿಂಡಲ್ ಬಗ್ಗೆ ನಿಮ್ಮ ಅಳಿಯ ಹೇಳಿದ್ದು ತತ್ವದಲ್ಲಿ ಸರಿ, ಅವನಿಗೆ ಹೇಳಿ. ಚಕ್ರ ತಿರುಗುವ ಪಿನ್ನನ್ನು ನಕಲ್‌ನಲ್ಲಿ (ಚಕ್ರವನ್ನು ಎರಡು ಆರ್ಮ್‌ಗಳಿಗೆ ಜೋಡಿಸುವ ಲೋಹದ ತುಂಡು) ಮೇಲಕ್ಕೆ ಸರಿಸಿದರೆ, ಆರ್ಮ್‌ಗಳ ಕೋನ, ಸ್ಪ್ರಿಂಗ್, ಬಂಪ್ ಸ್ಟಾಪ್‌ನ ಸಂದು ಯಾವುದೂ ಬದಲಾಗದೆ ಗಾಡಿ ಮಾತ್ರ ಇಳಿಯುತ್ತದೆ. ಇಳಿಸುವುದಕ್ಕೆ ಅದಕ್ಕಿಂತ ಶುದ್ಧ ದಾರಿ ಇಲ್ಲ. ಆದರೆ ಅವು ಸುಲಭವಾಗಿ ಸಿಗುವುದು ಹಳೆಯ ಷೆವರ್ಲೆ ಸಿ10ನಂಥ ಅಮೆರಿಕದ ಪಿಕಪ್‌ಗಳಿಗೆ, ಹೆಚ್ಚಾಗಿ ಎರಡು ಎರಡೂವರೆ ಇಂಚಿನ ಇಳಿತಕ್ಕೆ. ಅದನ್ನು ತಂದು ವಿ-ಕ್ರಾಸ್‌ಗೆ ಕೂರಿಸಲು ಬರುವುದಿಲ್ಲ. ಬಾಲ್ ಜಾಯಿಂಟ್‌ನ ಟೇಪರ್, ಬ್ರೇಕ್ ಕ್ಯಾಲಿಪರ್, ಎಬಿಎಸ್ ಸೆನ್ಸರ್, ನಿಮ್ಮದು 4x4 ಆದರೆ ಎದುರಿನ ಶಾಫ್ಟ್, ಒಂದೂ ಹೊಂದುವುದಿಲ್ಲ. ಯಾರಾದರೂ ‘ಇರುವ ನಕಲನ್ನೇ ಕತ್ತರಿಸಿ ವೆಲ್ಡ್ ಮಾಡಿ ಕೊಡುತ್ತೇನೆ’ ಎಂದರೆ ಅಲ್ಲಿಂದ ಗಾಡಿ ತಿರುಗಿಸಿ ಬಂದುಬಿಡಿ. ನಕಲ್ ಮುರಿದರೆ ಚಕ್ರವೇ ಗಾಡಿಯಿಂದ ಬೇರೆಯಾಗುತ್ತದೆ.

ಟಯರ್ ಸವೆತಕ್ಕೆ ಮತ್ತೆ ಬರೋಣ. ಮೇಲಿನ ಆರ್ಮ್ ಕೆಳಗಿನದಕ್ಕಿಂತ ಗಿಡ್ಡ. ಗಾಡಿ ಇಳಿದಾಗ ಅದು ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ, ಅದು ನೆಗೆಟಿವ್ ಕ್ಯಾಂಬರ್. ಎಲ್ಲರೂ ಒಳಸವೆತಕ್ಕೆ ಅದನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ಟಯರನ್ನು ಬೇಗ ತಿನ್ನುವುದು ಟೋ, ಅಂದರೆ ಎರಡು ಚಕ್ರಗಳು ಮುಂದಕ್ಕೆ ಕೂಡುತ್ತಿವೆಯೋ ಅಗಲುತ್ತಿವೆಯೋ ಎನ್ನುವುದು. ಟಯರ್‌ನ ಮೇಲೆ ಅಂಗೈಯನ್ನು ಅಡ್ಡಕ್ಕೆ ಎಳೆದು ನೋಡಿ. ಒಳಬದಿಗೆ ನುಣ್ಣಗೆ ಇಳಿಜಾರಾಗಿ ಸವೆದಿದ್ದರೆ ಕ್ಯಾಂಬರ್. ಒಂದು ದಿಕ್ಕಿಗೆ ನುಣುಪು, ಮರಳಿ ಎಳೆದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ. ಎರಡೂ ಇದ್ದರೆ ಎರಡೂ.

ಟೈ ರಾಡ್ (ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಮತ್ತು ಲೋವರ್ ಆರ್ಮ್ ಒಂದೇ ಬಾಗಿನಲ್ಲಿ ಮೇಲೆ ಕೆಳಗೆ ಆಡಬೇಕೆಂದು ಕಂಪನಿಯವರು ಲೆಕ್ಕ ಹಾಕಿರುತ್ತಾರೆ. ಹೆಚ್ಚು ಇಳಿಸಿದಾಗ ಆ ಹೊಂದಾಣಿಕೆ ತಪ್ಪುತ್ತದೆ. ನೀವು ಸ್ಟಿಯರಿಂಗ್ ಹಿಡಿದಿದ್ದರೂ ಗುಂಡಿಗೆ ಬಿದ್ದಾಗ ಚಕ್ರ ತಾನೇ ತುಸು ತಿರುಗುತ್ತದೆ. ಪರೀಕ್ಷೆ ಹೀಗೆ: ಸಪಾಟು ನೆಲದಲ್ಲಿ ಎರಡು ಟಯರ್‌ಗಳ ಮುಂದಿನ ಅಂಚಿನ ಅಂತರ, ಹಿಂದಿನ ಅಂಚಿನ ಅಂತರ ಅಳೆಯಿರಿ. ಆಮೇಲೆ ಮೂರು ನಾಲ್ಕು ಜನ ಎದುರಿನ ಬಂಪರಿನ ಮೇಲೆ ಭಾರ ಹಾಕಿ ಕೂರಲಿ, ಮತ್ತೆ ಅಳೆಯಿರಿ. ಎರಡು ಸಲದ ವ್ಯತ್ಯಾಸ 2-3 ಮಿ.ಮೀ. ಮೀರಿದರೆ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಟಯರ್ ಉಳಿಯುವುದಿಲ್ಲ. ಅಂಥ ಗಾಡಿಯನ್ನು ಮೇಲೆತ್ತುವುದೇ ಮದ್ದು.

ಬಾಲ್ ಜಾಯಿಂಟ್‌ಗಳು ಇಷ್ಟು ದಿನ ಓರೆಯಾಗಿ ದುಡಿದಿವೆ. ರಬ್ಬರ್ ಬೂಟ್ ಹರಿದಿದ್ದರೆ ನಾಲ್ಕನ್ನೂ ಬದಲಿಸಿ, ಅಲ್ಲಿ ಹಣ ಉಳಿಸಬೇಡಿ. ಸ್ಟೆಬಿಲೈಸರ್ ಲಿಂಕ್, ಬ್ರೇಕ್ ಹೋಸ್‌ಗಳು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ಉಜ್ಜುತ್ತಿಲ್ಲ ಎಂದು ನೋಡಿಸಿ.

ಇನ್ನೊಂದು ಕೆಲಸವನ್ನು ದಯವಿಟ್ಟು ನೀವೇ ನಿಂತು ಮಾಡಿಸಿ. ಆರ್ಮ್‌ನ ಬುಷ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರುತ್ತದೆ. ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಲಿಫ್ಟ್‌ನ ಮೇಲೆ, ಚಕ್ರ ಜೋತಿರುವಾಗಲೇ ಬೋಲ್ಟ್ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ಹಗಲೂ ರಾತ್ರಿ ತಿರುಚಿಯೇ ಇರುತ್ತದೆ, ಒಂದು ವರ್ಷದೊಳಗೆ ಹರಿಯುತ್ತದೆ. ಬೋಲ್ಟ್‌ಗಳನ್ನು ಸಡಿಲಾಗಿ ಹಾಕಿ, ಗಾಡಿಯನ್ನು ಅದರ ಚಕ್ರದ ಮೇಲೆ ನಿಲ್ಲಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಬೇಕು. ಮೊದಲಿನವರು ಇಳಿಸುವಾಗ ಇದನ್ನು ಮಾಡಿರುವ ಸಂಭವ ಕಡಿಮೆ, ಹಾಗಾಗಿ ಬುಷ್‌ಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಇದನ್ನು ಓದುತ್ತಿರುವ ಬೇರೆಯವರಿಗೆ ಎರಡು ಮಾತು. ನಿಮ್ಮ ಪಿಕಪ್‌ಗೆ ಎದುರಿನಲ್ಲಿ ಟಾರ್ಷನ್ ಬಾರ್ (ಕಾಯಿಲ್‌ನ ಬದಲು ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸರಳು) ಇದ್ದರೆ ಒಂದು ಬೋಲ್ಟ್ ತಿರುಗಿಸಿದರೆ ಗಾಡಿ ಇಳಿಯುತ್ತದೆ, ಖರ್ಚಿಲ್ಲ; ಆದರೆ ಬಂಪ್ ಸ್ಟಾಪ್‌ನ ಸಂದು ಅಷ್ಟೇ ಹೋಗುತ್ತದೆ. ತಿರುಗಿಸುವ ಮೊದಲು ಬೋಲ್ಟ್‌ಗೆ ಪೇಂಟ್‌ನ ಗುರುತು ಹಾಕಿ, ಎಷ್ಟು ಸುತ್ತು ಎಂದು ಬರೆದಿಡಿ. ಎದುರಿಗೂ ಲೀಫ್ ಪ್ಲೇಟ್ ಇರುವ ಗಾಡಿಯಾದರೆ ಆಕ್ಸಲ್‌ಗೂ ಪ್ಲೇಟ್‌ಗೂ ನಡುವೆ ಬ್ಲಾಕ್ ಇಡುವ ಕೆಲಸಕ್ಕೆ ಹೋಗಬೇಡಿ. ಬ್ರೇಕ್ ಹಿಡಿದಾಗ ಎದುರಿನ ಆಕ್ಸಲ್ ತಿರುಚುವ ಬಲಕ್ಕೆ ಬ್ಲಾಕ್ ಜಾರಬಹುದು.

ನಿಮ್ಮ ಗಾಡಿಯ ಹಿಂಭಾಗವನ್ನು ನೀವು ಕೇಳಿಲ್ಲ, ಆದರೂ ಹೇಳದಿರಲಾರೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಒಂದು ಸಣ್ಣ ಸರಳು ಹೋಗಿರುತ್ತದೆ, ಅದರ ತುದಿಯಲ್ಲಿ ಬ್ರೇಕ್‌ನ ಒಂದು ವಾಲ್ವ್. ಲೋಡ್ ಬಿದ್ದು ಗಾಡಿ ತಗ್ಗಿದಾಗ ಆ ಸರಳು ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ. ಪ್ಲೇಟ್ ತೆಗೆದು ಇಳಿಸಿದ ಗಾಡಿ ಖಾಲಿಯಿದ್ದರೂ ವಾಲ್ವ್‌ಗೆ ಅದು ಲೋಡ್ ಗಾಡಿಯೇ. ಮಳೆಯಲ್ಲಿ, ಇಳಿಜಾರಿನಲ್ಲಿ, ಖಾಲಿ ಗಾಡಿಯ ಹಿಂದಿನ ಚಕ್ರ ಬೇಗ ಹಿಡಿದು ಬಾಲ ಬೀಸಬಹುದು. ನಿಮ್ಮದರಲ್ಲಿ ಆ ಸರಳು ಇದ್ದರೆ ತೆಗೆದ ಪ್ಲೇಟನ್ನು ಮರಳಿ ಹಾಕಿಸಿ. ಅಡಿಕೆ ಮೂಟೆ ಹೊರಲು ಹೇಗೂ ಅದು ಬೇಕು.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಬದಲಾವಣೆ ಮಾಡಿದ ಮಾಲೀಕರಿಗೆ ಆಗಬಹುದು. ಇಳಿಸಿದ ಗಾಡಿ ಕಾಸರಗೋಡಿನ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ‘ಮೊದಲಿನವರು ಮಾಡಿದ್ದು’ ಎಂಬ ಮಾತು ನಡೆಯದೆಯೂ ಹೋಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಅದನ್ನೇ ಹಿಡಿಯಬಹುದು.

ಆದ್ದರಿಂದ ನೀವು ನನ್ನ ತಮ್ಮನಾಗಿದ್ದರೆ ನಾನು ಮಾಡಿಸುತ್ತಿದ್ದದ್ದು ಇಷ್ಟು: ಕಂಪನಿಯ ಸ್ಪ್ರಿಂಗ್, ಕಂಪನಿಯ ಉದ್ದದ ಒಳ್ಳೆಯ ಗ್ಯಾಸ್ ಶಾಕ್, ಹೊಸ ಬಂಪ್ ಸ್ಟಾಪ್, ಬುಷ್, ಬೇಕಿದ್ದರೆ ಬಾಲ್ ಜಾಯಿಂಟ್, ಹಿಂದಿನ ಪ್ಲೇಟ್ ಮರಳಿ. ಅಪ್ಪನಿಗಾಗಿ ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುವ ಅಗಲದ ಫುಟ್‌ಸ್ಟೆಪ್ ಮತ್ತು ಬಾಗಿಲ ಕಂಬಕ್ಕೆ ಹಿಡಿಕೆ. ಮಂಡಿನೋವಿನವರಿಗೆ ಎರಡಿಂಚು ತಗ್ಗಿದ ಸೀಟಿಗಿಂತ ಕಾಲಿಡಲು ನಡುವೆ ಒಂದು ಮೆಟ್ಟಿಲು, ಕೈಗೆ ಒಂದು ಆಧಾರ ಹೆಚ್ಚು ಅನುಕೂಲ. ನನ್ನ ತಾಯಿಗೆ ನಾನು ಮಾಡಿಸಿದ್ದೂ ಅದನ್ನೇ.

ಇಷ್ಟೆಲ್ಲ ಕೇಳಿದ ಮೇಲೂ ತುಸು ಇಳಿದೇ ಇರಲಿ ಎಂದಾದರೆ, ಮೇಲೆ ಹೇಳಿದ 25-30 ಮಿ.ಮೀ. ದಾಟಬೇಡಿ. ಅದಕ್ಕೆ ತಕ್ಕ ಗಿಡ್ಡ ಶಾಕ್ ಮತ್ತು ಬಂಪ್ ಸ್ಟಾಪನ್ನು ಸ್ಪ್ರಿಂಗ್ ಜೊತೆಗೇ ಕೊಳ್ಳಿ, ಒಂದೊಂದಾಗಿ ಬೇಡ. ಅಲೈನ್‌ಮೆಂಟ್‌ನಲ್ಲಿ ಕ್ಯಾಂಬರ್ ನೆಗೆಟಿವ್ ಒಂದು ಡಿಗ್ರಿ ಮೀರದಿರಲಿ, ಟೋ ಸೊನ್ನೆಗೆ ಹತ್ತಿರ, ತುಸು ಒಳಕ್ಕೆ. ಹೆಡ್‌ಲೈಟ್‌ನ ಬೆಳಕನ್ನು ಮತ್ತೆ ಹೊಂದಿಸಿ. ಹೊಸ ಟಯರ್ ಎಲ್ಲದಕ್ಕೂ ಕೊನೆಗೆ. 500 ಕಿ.ಮೀ. ಓಡಿಸಿ ಸ್ಪ್ರಿಂಗ್ ಕುಳಿತ ಮೇಲೆ ಹಬ್‌ನಿಂದ ಮಡ್‌ಗಾರ್ಡ್‌ಗೆ ಮತ್ತೆ ಟೇಪ್ ಹಿಡಿಯಿರಿ, ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿ. ಕ್ಲೇ ಉಂಡೆಯನ್ನೂ ಆಗ ಮತ್ತೆ ಅಂಟಿಸಿ, ಮೂಟೆ ಹಾಕಿಕೊಂಡು ಬದಿಯಡ್ಕಕ್ಕೆ ಹೋಗಿ ಬಂದು ಅದು ಹೇಗಿದೆ ಎಂದು ನನಗೆ ಬರೆಯಿರಿ.